ಓರಗಿತ್ತಿಯ ಬಾಯಿಂದ ಒಂದು ಮಾತು

"ಇದೇ ಬಾಯಲ್ಲಿ, ಇಷ್ಟೇ ಜನರ ಮುಂದೆ, 'ನೀನು ಕಳ್ಳಿ ಅಲ್ಲ' ಅಂತ ಹೇಳಿಸದೇ ಹೋದ್ರೆ ನಾನು ನಮ್ಮಪ್ಪನ ಮಗಳೇ ಅಲ್ಲ!"

ಇಪ್ಪತ್ತೇಳು ವರ್ಷದ ಹಿಂದೆ, ಮದುವೆಯಾಗಿ ಆರು ತಿಂಗಳೂ ತುಂಬದ ಚಿಕ್ಕವಳು ನಡುಮನೆಯಲ್ಲಿ ನಿಂತು ಇಟ್ಟ ಆಣೆ ಇದು. ಕಾಲಬುಡದಲ್ಲಿ ಅವಳ ಟ್ರಂಕು ಬಾಯಿ ತೆರೆದು ಬಿದ್ದಿತ್ತು; ಬಟ್ಟೆಬರೆ, ಅಮ್ಮ ಬರೆದ ಕಾಗದ, ಎಲ್ಲ ನೆಲದ ಪಾಲು. ಜಾಲಾಡಿದವಳು ಓರಗಿತ್ತಿ, ಮನೆಯ ದೊಡ್ಡ ಸೊಸೆ. ಅವಳ ಸರ ಕಾಣೆಯಾಗಿತ್ತು. ಆಗಲೇ ಶಾಲೆಯೊಂದರ ಹೆಡ್ ಮೇಡಂ ಆಗಿದ್ದವಳು, ಮಕ್ಕಳ ಚೀಲ ಹುಡುಕುವ ಹಾಗೆಯೇ ಹುಡುಕಿ, ಏನೂ ಸಿಗದಿದ್ದರೂ "ಕಳ್ಳಿ" ಎಂದುಬಿಟ್ಟಿದ್ದಳು. ನೋಡುತ್ತ ನಿಂತವರು ಮೂವರು: ಚಿಕ್ಕವಳ ಗಂಡ, ಅವನ ಅಕ್ಕ, ಅವನ ಚಿಕ್ಕಪ್ಪ. ಮೂವರ ಬಾಯಿಗೂ ಬೀಗ.

ಈಗ ಹೆಡ್ ಮೇಡಮ್ಮಿಗೆ ಅರವತ್ತಾರು. ಗಂಡ ಸತ್ತ, ಮಕ್ಕಳಿಲ್ಲ, ಜೊತೆಗಿರುವುದು ಅಲ್ಝೈಮರ್ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ. ಯಾರು ನೋಡಿಕೊಳ್ಳಬೇಕು ಎಂಬ ಮಾತು ಬಂದದ್ದೇ ತಡ, ಚಿಕ್ಕವಳ ಗಂಡನ ಅಕ್ಕನಿಗೆ ಮಂಡಿನೋವು ಬಂತು. "ನಿನ್ನದು ಮನೇಲೇ ಹೊಲಿಗೆ ಕೆಲಸ ತಾನೆ? ಒಂದು ಮೂಲೇಲಿ ಕೂತಿರ್ತಾಳೆ ಬಿಡು" ಎಂದಳು. ಚಿಕ್ಕವಳು "ಆಗಲಿ ಅತ್ತಿಗೆ" ಎಂದು ಒಪ್ಪಿದಳು. ಎಂಥಾ ದೊಡ್ಡ ಮನಸ್ಸು ಎಂದು ಬೀದಿಯೇ ಕೊಂಡಾಡಿತು. ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಹಗೆ ಕೈಗೆಟುಕುವಷ್ಟು ಹತ್ತಿರ ಬೇಕಿತ್ತು, ಅಷ್ಟೇ. ಆ ಬಾಯಲ್ಲಿ ಮಾತು ಉಳಿದಿರುವಾಗಲೇ ತನಗೆ ಬೇಕಾದ ಮಾತು ಹೊರಡಿಸಬೇಕು. ಮಾತುಗಳೋ ದಿನಕ್ಕೊಂದರಂತೆ ಉದುರುತ್ತಿದ್ದವು. ನಿನ್ನೆ 'ಲೋಟ' ಹೋಯಿತು, ಇವತ್ತು 'ಬಾಗಿಲು'.

ಉದುರದೆ ಗಟ್ಟಿಯಾಗಿ ನಿಂತದ್ದು 'ಕಳ್ಳಿ' ಒಂದೇ.

"ನನ್ನ ಕನ್ನಡಕ ಎಲ್ಲೇ, ಕಳ್ಳಿ?"

"ನಿಮ್ಮ ಮೂಗಿನ ಮೇಲೇ ಇದೆ ಅಕ್ಕ."

"ಅಲ್ಲಿಂದ ಕದೀಬೇಕು ಅಂತಿದ್ದೆ ಅಲ್ವಾ?"

ಬುಧವಾರ ಬೆಳಿಗ್ಗೆ ಕ್ಲಿನಿಕ್ಕಿನ ಮಹಡಿಯಲ್ಲಿ, ಇಂಥ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುವವರ ಸಭೆ. ಹನ್ನೆರಡು ಪ್ಲಾಸ್ಟಿಕ್ ಕುರ್ಚಿ, ನಿದ್ದೆಗೆಟ್ಟ ಹನ್ನೆರಡು ಮುಖ, ಎದುರಿಗೆ ಒಬ್ಬಳು ನರ್ಸ್.

"ಮೂರು 'ಬೇಡ' ನೆನಪಿಟ್ಕೊಳ್ಳಿ" ಎಂದಳು ನರ್ಸ್. "ವಾದ ಬೇಡ. ತಿದ್ದೋದು ಬೇಡ. 'ನೆನಪಿದೆಯಾ' ಅಂತ ಕೇಳೋದಂತೂ ಬೇಡವೇ ಬೇಡ."

"ಅದನ್ನ ಕೇಳೋಕೇ ನಾನು ಅವಳನ್ನ ಮನೇಲಿ ಇಟ್ಕೊಂಡಿರೋದು" ಎಂದಳು ಚಿಕ್ಕವಳು. ತಮಾಷೆ ಎಂದುಕೊಂಡು ಎಲ್ಲರೂ ನಕ್ಕರು.

"ದಿನಾ ಕಳ್ಳಿ ಅಂತಾಳೆ, ಸಿಸ್ಟರ್."

"ಅದು ರೋಗದ ಮಾತಮ್ಮ. ಮನಸ್ಸಿಗೆ ಹಚ್ಕೋಬೇಡಿ."

"ರೋಗ ಬಂದಿದ್ದು ಮೊನ್ನೆ. ಮಾತು ಇಪ್ಪತ್ತೇಳು ವರ್ಷದ್ದು."

ನಗು ನಿಂತಿತು. ಸಭೆ ಮುಗಿದ ಮೇಲೆ ನರ್ಸ್ ಅವಳನ್ನು ಮೆಟ್ಟಿಲ ಬಳಿ ತಡೆದಳು. "ನೀವೊಬ್ಬರೇ ಹೊತ್ತರೆ ನೀವೇ ಬಿದ್ದುಹೋಗ್ತೀರ. ಮನೆಯವರನ್ನ ಕರೆಸಿ, ವಾರದ ದಿನ ಹಂಚಿ ಹಾಕೋಣ. ನಾನೂ ಬರ್ತೀನಿ."

"ಬೇಡ ಸಿಸ್ಟರ್. ಇವಳು ನನ್ನವಳು" ಎಂದು ಚಿಕ್ಕವಳು ಹೊರಟುಬಂದಳು.

ಮರುದಿನ ಹಿತ್ತಿಲ ಬಿಸಿಲಲ್ಲಿ ದೊಡ್ಡವಳ ತಲೆ ಬಾಚುತ್ತಿದ್ದಳು. ಸಿಕ್ಕು ಬಿಡಿಸುತ್ತಿದ್ದಂತೆ ದೊಡ್ಡವಳ ದನಿ ತಗ್ಗಿತು. ಬಾಚುತ್ತಿರುವವಳು ತನ್ನ ಶಾಲೆಯ ಆಯಾ ಎಂದುಕೊಂಡಿದ್ದಳು.

"ಆಯಾ, ಯಾರಿಗೂ ಹೇಳಬೇಡ. ನನ್ನ ಓರಗಿತ್ತಿನ ಕಳ್ಳಿ ಅಂದೆ. ಸರ ನನ್ನ ಸ್ಕೂಲ್ ಕೋಟಿನ ಜೇಬಲ್ಲೇ ಇತ್ತು."

ಬಾಚಣಿಗೆ ನಿಂತಿತು. "ಯಾವಾಗ ಸಿಕ್ತು, ಮೇಡಂ?"

"ಮೂರನೇ ದಿನ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೆಡ್ ಮೇಡಂ ತಪ್ಪು ಒಪ್ಪಿಕೊಂಡ್ರೆ ಮಕ್ಕಳು ಹೆದರ್ತಾವಾ?"

ಚಿಕ್ಕವಳ ಮುಷ್ಟಿಯಲ್ಲಿ ಬಿಳಿ ಕೂದಲಿತ್ತು. ಎಳೆದರೆ ಬುಡಸಮೇತ ಬರುತ್ತಿತ್ತು. ಅವಳು ಜಡೆ ಹೆಣೆದು ಮುಗಿಸಿ, ರಬ್ಬರ್ ಸುತ್ತಿ, ನೆಟ್ಟಗೆ ಒಳಗೆ ಹೋಗಿ ನರ್ಸಿಗೆ ಫೋನ್ ಮಾಡಿದಳು. "ಮನೆಯವರ ಸಭೆ ಅಂದಿರಲ್ಲ, ಕರೆಸೋಣ." ಭಾನುವಾರದವರೆಗೆ ದಿನಾ ಪರೀಕ್ಷೆ ಮಾಡಿದಳು. ಬಾಚಣಿಗೆ ತಲೆಗೆ ತಾಕಿದರೆ ಸಾಕು, ಅದೇ ಮಾತು, ಕೀ ಕೊಟ್ಟ ಹಾಗೆ.

ಭಾನುವಾರ ಅದೇ ಮೂವರು ಬಂದು ಕೂತರು. ಚಿಕ್ಕಪ್ಪನ ಕಿವಿಗೆ ಮೆಷಿನ್, ಅತ್ತಿಗೆಯ ಮಂಡಿಗೆ ಪಟ್ಟಿ. ನರ್ಸ್ ಹಾಳೆಯಲ್ಲಿ ವಾರದ ದಿನಕ್ಕೊಂದರಂತೆ ಏಳು ಮನೆ ಗೀಚಿದಳು.

"ನನ್ನ ಮಂಡಿ ನೋಡಿದ್ರೆ..." ಎಂದು ಅತ್ತಿಗೆ ಶುರುಮಾಡಿದಳು.

"ಇರಿ ಅತ್ತಿಗೆ. ಮೊದಲು ಅಕ್ಕನ ತಲೆ ಬಾಚ್ತೀನಿ."

"ಈಗಲೇನೇ?"

"ಈಗಲೇ."

ದೊಡ್ಡವಳು ಹೇಳಿದಳು. ಓರಗಿತ್ತಿ, ಕಳ್ಳಿ, ಕೋಟು, ಮೂರನೇ ದಿನ.

"ಏನಂತೆ? ಏನು ಸಿಕ್ತಂತೆ?" ಎಂದ ಚಿಕ್ಕಪ್ಪ.

"ಸರ!" ಎಂದು ಗಂಡ ಅವನ ಕಿವಿಯಲ್ಲಿ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿತು.

ಅಷ್ಟಕ್ಕೇ ನಿಲ್ಲಲಿಲ್ಲ. ಹಿತ್ತಿಲಲ್ಲಿ ಒಮ್ಮೆಯೂ ಬಾರದ ತುಂಡೊಂದು ಅಂದು ಹೊರಬಂತು. "ನಾದಿನಿಗೆ ತೋರಿಸ್ದೆ ಆಯಾ. 'ಬಾಯಿ ಮುಚ್ಕೊಂಡಿರಿ ಅತ್ತಿಗೆ, ಹೊಸಬಳು ತಗ್ಗಿಬಗ್ಗಿ ಇರ್ತಾಳೆ' ಅಂದಳು."

ಆ ನಾದಿನಿ, ಚಿಕ್ಕವಳ ಅತ್ತಿಗೆ, ಮಂಡಿನೋವು ಮರೆತು ಎದ್ದು ನಿಂತಳು. "ತಲೆ ಕೆಟ್ಟವಳ ಮಾತು! ಇದನ್ನ ನಂಬ್ತಾರಾ ಯಾರಾದ್ರೂ? ಸಿಸ್ಟರ್, ನೀವಾದ್ರೂ ಹೇಳಿ!"

"ಹೊಸದು ಮೊದಲು ಹೋಗುತ್ತಮ್ಮ" ಎಂದಳು ನರ್ಸ್, ಹಾಳೆ ನೋಡುತ್ತ. "ಹಳೇದು ತುಂಬಾ ದಿನ ಉಳಿಯುತ್ತೆ."

"ಶುಕ್ರವಾರ, ಶನಿವಾರ, ಭಾನುವಾರ ನಿಮ್ಮದು ಅತ್ತಿಗೆ" ಎಂದಳು ಚಿಕ್ಕವಳು, ಜೇನು ಸುರಿಯುವ ದನಿಯಲ್ಲಿ. "ನಿಮ್ಮ ಮನೇಲೇ ಇಟ್ಕೊಳ್ಳಿ. ಬೆಳಿಗ್ಗೆ ಎದ್ದ ಕೂಡಲೇ ತಲೆ ಬಾಚಬೇಕು. ನಿಮ್ಮ ಹೊಸ ಸೊಸೆ ಬಾಚಲಿ, ಪಾಪ, ಅವಳೂ ಮನೆತನದ ಕತೆ ಕೇಳಬೇಕಲ್ಲ." ಗಂಡನ ಕಡೆ ತಿರುಗಿದಳು. "ನಿಮಗೆ ಬುಧವಾರ. ಆವತ್ತು ಬಾಯಿ ತೆಗೀಲಿಲ್ಲ, ಈಗ ಬಕೆಟ್ಟು ಎತ್ತಿ."

ಹಾಳೆಯ ಮೂರು ಮನೆಯಲ್ಲಿ ಅತ್ತಿಗೆಯ ಹೆಸರು ಬಿತ್ತು.

ಆಮೇಲೆ ಚಿಕ್ಕವಳು ದೊಡ್ಡವಳ ಎದುರು ಕುಕ್ಕರಗಾಲಲ್ಲಿ ಕೂತಳು. "ಅಕ್ಕ, ಆ ಓರಗಿತ್ತಿ ನಾನೇ. ನೆನಪಿದೆಯಾ?" ನರ್ಸ್ ಬೇಡವೆಂದು ಕೈ ಎತ್ತಿದಳು. "ಹೇಳಿ ಅಕ್ಕ, ಇವರ ಮುಂದೆ ಹೇಳಿ. ನಾನು ಕಳ್ಳಿನಾ?"

ದೊಡ್ಡವಳು ಅವಳ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಚಿಕ್ಕಪ್ಪ ಕೂಡ ಕಿವಿಯ ಮೆಷಿನ್ ಸರಿಮಾಡಿಕೊಂಡ.

"ಅದು ನನ್ನ ಬಾಚಣಿಗೆ" ಎಂದಳು ದೊಡ್ಡವಳು. "ಕೊಡೇ ಇಲ್ಲಿ, ಕಳ್ಳಿ."

ಚಿಕ್ಕವಳು ಕೊಟ್ಟಳು.

ವಾರಕ್ಕೆ ಮೂರು ದಿನ ಅತ್ತಿಗೆಯ ಮನೆಯಲ್ಲಿ ತಲೆ ಬಾಚುವುದು ನಡೆಯಿತು. ಆರು ತಿಂಗಳಿಗೆ ಹೆಡ್ ಮೇಡಮ್ಮಿನ ಮಾತು ಪೂರಾ ನಿಂತಿತು. "ನೀನು ಕಳ್ಳಿ ಅಲ್ಲ" ಎಂದು ಅವಳು ಹೇಳಲಿಲ್ಲ. ಚಿಕ್ಕವಳು ಇಟ್ಟ ಆಣೆ ಉಳಿಯಲಿಲ್ಲ.