ದರ್ಜಿ ಮುಚ್ಚಿಟ್ಟ ಮೀನಖಂಡ

ಹಲ್ಲು ನೋವು ಬಂದರೆ ಕೆನ್ನೆ ಹಿಡಿದುಕೊಂಡು ಬೀದಿಗೆಲ್ಲ ಹೇಳುತ್ತೇವೆ. ಸೊಂಟ ಹಿಡಿದರೆ ಪಕ್ಕದ ಮನೆಗೂ ಕೇಳುವಂತೆ ನರಳುತ್ತೇವೆ. ಆದರೆ ದಿನವೂ ಓಡುವವರ ಕಾಲಿಗೆ ಪೆಟ್ಟಾದರೆ ಮಾತ್ರ ಬಾಯಿಗೆ ಬೀಗ ಬೀಳುತ್ತದೆ. ಈ ವಯಸ್ಸಿನಲ್ಲಿ ಓಟ ಬೇರೆ ಬೇಕಿತ್ತಾ ಎಂದು ಜನ ಆಡಿಕೊಂಡಾರು ಎಂಬ ಅಂಜಿಕೆ. ನಮ್ಮ ಬೀದಿಯ ದರ್ಜಿಗೂ ಹಾಗೇ ಆಯಿತು. ನಾನು ಅವರ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುವವನು. ಅವರೇ ಹೇಳು ಎಂದಿದ್ದರಿಂದ ಹೇಳುತ್ತಿದ್ದೇನೆ.

ದರ್ಜಿಯ ಹೆಂಡತಿಗೆ ಒಬ್ಬನೇ ತಮ್ಮ. ಹುಟ್ಟಿನಿಂದ ಅವನಿಗೆ ಕಣ್ಣು ಕಾಣುವುದಿಲ್ಲ. ಬಸ್ ನಿಲ್ದಾಣದ ಚಿಕ್ಕ ಕೋಣೆಯಲ್ಲಿ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಎಂದು ಮೈಕಿನಲ್ಲಿ ಹೇಳುವ ಕೆಲಸ. ಹೀಗಾಗಿ ಊರಿಗೆಲ್ಲ ಅವನು ಮೈಕಣ್ಣ. ದಿನವಿಡೀ ಬೇರೆಯವರನ್ನು ಊರೂರಿಗೆ ಕಳಿಸಿ ತಾನು ಕುಳಿತಲ್ಲೇ ಇರುವವನಿಗೆ ಓಡಬೇಕೆಂಬ ಆಸೆ ಹುಟ್ಟಿತು. ದರ್ಜಿಗೆ ಮೊದಲಿನಿಂದಲೂ ಬೆಳಗಿನ ಓಟದ ಅಭ್ಯಾಸ. ಒಂದು ಗಟ್ಟಿ ಪಟ್ಟಿಯ ಎರಡು ತುದಿಗೂ ಕುಣಿಕೆ ಹೊಲಿದು, ಒಂದನ್ನು ತಮ್ಮ ಕೈಗೆ, ಇನ್ನೊಂದನ್ನು ಭಾವಮೈದುನನ ಕೈಗೆ ಹಾಕಿ ಅವನನ್ನು ಓಡಿಸತೊಡಗಿದರು. ಗುಂಡಿ ಬಂತು, ತಿರುವು ಬಂತು, ಏರು ಬಂತು ಎಂದು ಹೇಳುತ್ತಾ ದರ್ಜಿ ಓಡಬೇಕು. ಅದನ್ನು ನಂಬಿ ಮೈಕಣ್ಣ ಕಾಲಿಡಬೇಕು.

ಆ ವರ್ಷ ಊರಿನ ದೊಡ್ಡ ಓಟದಲ್ಲಿ ಕಣ್ಣು ಕಾಣದವರೂ ಓಡಬಹುದೆಂದು ಮೊದಲ ಸಲ ಒಪ್ಪಿದ್ದರು. ಆದರೆ ಪಕ್ಕದಲ್ಲಿ ಪಳಗಿದ ಜೊತೆಗಾರ ಇರಲೇಬೇಕು. ಜೊತೆಗಾರನಿಲ್ಲದಿದ್ದರೆ ಓಟವಿಲ್ಲ. ಮೈಕಣ್ಣ ಇದನ್ನು ಕಂಡಕ್ಟರುಗಳಿಗೆಲ್ಲ ಹೇಳಿಕೊಂಡು ಬಂದಿದ್ದ. ದರ್ಜಿಯೇನು ಕಡಿಮೆಯೇ? ಬಟ್ಟೆ ಕೊಡಲು ಬಂದವರ ಮುಂದೆ ಕಾಲು ಚಾಚಿ, ‘ಇದು ಮಾಂಸ ಅಲ್ಲ, ಕಬ್ಬಿಣ’ ಎಂದು ತಟ್ಟಿ ತೋರಿಸುತ್ತಿದ್ದರು.

ಓಟಕ್ಕೆ ಇನ್ನೂ ಕೆಲವು ವಾರ ಇತ್ತು. ಒಂದು ಬೆಳಿಗ್ಗೆ ಅಂಚೆ ಕಚೇರಿಯ ಏರಿನಲ್ಲಿ ದರ್ಜಿ ವೇಗ ಹೆಚ್ಚಿಸಿದರು. ತಟ್ಟನೆ ಹಿಂದಿನಿಂದ ಯಾರೋ ಮೀನಖಂಡಕ್ಕೆ ಕಲ್ಲು ಹೊಡೆದಂತಾಯಿತು. ಮೀನಖಂಡ ಎಂದರೆ ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿರುವ ದಪ್ಪ ಮಾಂಸ. ದರ್ಜಿ ತಿರುಗಿ ನಿಂತು ಬೈದರು. ಹಿಂದೆ ಇದ್ದದ್ದು ಸೈಕಲ್ ಮೇಲೆ ಬರುತ್ತಿದ್ದ ಹಾಲಿನವನು ಒಬ್ಬನೇ.

“ನನ್ನ ಎರಡೂ ಕೈ ಹ್ಯಾಂಡಲ್ ಮೇಲೇ ಇದೆ ಸ್ವಾಮಿ. ಕಲ್ಲನ್ನ ಬಾಯಲ್ಲಿ ಹೊಡೀಲಾ?” ಎಂದ ಅವನು.

ಕಲ್ಲೂ ಇರಲಿಲ್ಲ, ಹೊಡೆದವರೂ ಇರಲಿಲ್ಲ. ಒಳಗೆ ಮಾಂಸದ ಎಳೆ ಹರಿದಿತ್ತು. ಸುಮ್ಮನೆ ಒಬ್ಬನನ್ನು ಬೈದೆನಲ್ಲ ಎಂದು ದರ್ಜಿಯ ಮುಖ ಸಣ್ಣದಾಯಿತು. ಏನಾಯಿತೆಂದು ಮೈಕಣ್ಣ ಕೇಳಿದ್ದಕ್ಕೆ ಬೂಟಿನೊಳಗೆ ಹರಳು ಸೇರಿತ್ತು ಎಂದುಬಿಟ್ಟರು. ಒಂದು ಸುಳ್ಳು ಹೊಲಿದ ಮೇಲೆ ಅದಕ್ಕೆ ಒಳಗಿನಿಂದ ಅಸ್ತರು ಬೇಕಲ್ಲ. ಅಂದಿನಿಂದ ಓಟ ತಪ್ಪಿಸಲು ದಿನಕ್ಕೊಂದು ಸುಳ್ಳು.

ಅಂಗಡಿಗೆ ಎಲ್ಲರಿಗಿಂತ ಮೊದಲು ಬಂದು ಮೆಷಿನ್ ಮುಂದೆ ಕೂರುವರು, ಎಲ್ಲರೂ ಹೋದ ಮೇಲೆ ಏಳುವರು. ಕುಂಟುವುದು ಯಾರಿಗೂ ಕಾಣಬಾರದು. ಗಿರಾಕಿ ಬಂದರೆ ಅಳತೆ ತೆಗೆಯಲು ನನ್ನನ್ನು ಎಬ್ಬಿಸುವರು. ಎದುರುಮನೆಯ ಹಳೆಯ ಪೈಲ್ವಾನರಿಂದ ಗುಟ್ಟಾಗಿ ಬಿಸಿ ಎಣ್ಣೆ ಹಾಕಿಸಿ ಹಿಟ್ಟು ನಾದಿದಂತೆ ನಾದಿಸಿಕೊಂಡರು. ಮರುದಿನ ಕಾಲು ಊದಿ, ಹಿಮ್ಮಡಿಯವರೆಗೂ ನೇರಳೆ ಬಣ್ಣ ಇಳಿಯಿತು.

ಆಮೇಲೆ ಮಾಡಿದ್ದು ದರ್ಜಿಯೊಬ್ಬರಿಂದ ಮಾತ್ರ ಆಗುವ ತಪ್ಪು. ಕೋಟಿನ ಕಾಲರಿಗೆ ಹಾಕುವ ಗಡಸು ಕ್ಯಾನ್ವಾಸ್ ಬಟ್ಟೆ ಕತ್ತರಿಸಿ, ಕಾಲಿಗೆ ಅಳತೆ ಹಿಡಿದು, ಅಂಗಿಯ ತೋಳಿನಂಥ ಒಂದು ಬಿಗಿಯಾದ ಚೀಲ ಮಾಡಿಕೊಂಡರು. ಕಾಲಿನ ಮೇಲೆ ಹಾಕಿಕೊಂಡೇ ಕೈಹೊಲಿಗೆಯಿಂದ ಅದನ್ನು ಮುಚ್ಚಿದರು. ಪ್ಯಾಂಟಿನೊಳಗೆ ಒಂದು ಸುಕ್ಕೂ ಕಾಣದು. ಬೆರಳು ಜೋಮು ಹಿಡಿದರೆ, ಕುಳಿತು ಕುಳಿತು ಹಾಗಾಗಿದೆ ಎಂದು ತಮಗೆ ತಾವೇ ಹೇಳಿಕೊಂಡರು. ದಿನವೂ ಹೊಲಿಗೆ ಮೆಷಿನ್ನಿನ ಪೆಡಲು ತುಳಿದು ಕಾಲನ್ನು ಪರೀಕ್ಷೆ ಮಾಡುವರು. ಒಂದು ದಿನ ಪೆಡಲು ತುಳಿದಾಗ ನೋಯಲಿಲ್ಲ. ವಾಸಿಯಾಯಿತು ಎಂದುಕೊಂಡು ಮರುದಿನವೇ ಭಾವಮೈದುನನನ್ನು ಓಡಲು ಕರೆದರು.

ಅಂಗಡಿಯ ಮುಂದೆಯೇ ಓಟ ಶುರು ಮಾಡಿದರು. ನಾನು ಬಾಗಿಲು ತೆರೆಯುತ್ತಿದ್ದೆ. ಮೈಕಣ್ಣ ನಾಲ್ಕು ಹೆಜ್ಜೆ ಓಡಿ ತಡೆದು ನಿಂತು, ಭಾವ, ಕಾಲು ನೋಯುತ್ತಾ ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಇಲ್ಲ ಎಂದರು ದರ್ಜಿ.

ಸೇತುವೆಯ ಇಳಿಜಾರಿನಲ್ಲಿ ಆ ಕಾಲು ಕೈಕೊಟ್ಟಿತು. ದರ್ಜಿ ಕುಸಿದರು. ಕೈಯ ಪಟ್ಟಿ ಎಳೆದ ರಭಸಕ್ಕೆ ಮೈಕಣ್ಣ ಮುಖ ಅಡಿಯಾಗಿ ರಸ್ತೆಗೆ ಬಿದ್ದ. ಅಂಗೈ ತರಚಿತು, ತುಟಿ ಸೀಳಿತು. ಅತ್ತ ಬೇಕರಿಯ ವ್ಯಾನು ಹಾರನ್ ಹೊಡೆಯುತ್ತಾ ಬರುತ್ತಿತ್ತು.

“ಭಾವ, ನಾನು ರಸ್ತೆ ಮಧ್ಯ ಇದೀನಾ, ಅಂಚಲ್ಲಿದೀನಾ?” ಎಂದು ಕೇಳುತ್ತಿದ್ದ ಅವನು. “ಯಾವ ಕಡೆ ಹೋಗ್ಲಿ?”

ದರ್ಜಿಗೆ ಏಳಲಾಗಲಿಲ್ಲ. ತೆವಳಿಕೊಂಡು ಹೋಗಿ ಅವನ ಅಂಗಿ ಹಿಡಿದು ಅಂಚಿಗೆ ಎಳೆದರು. ವ್ಯಾನಿನವನು ಬ್ರೇಕ್ ಹಾಕಿದ, ಸದ್ಯ. ಅವನೇ ಇಬ್ಬರನ್ನೂ ಬ್ರೆಡ್ಡಿನ ಟ್ರೇಗಳ ನಡುವೆ ಕೂರಿಸಿ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿ ವೈದ್ಯರು ನೋಡಿ, ಮೂಳೆ ಮುರಿದಿಲ್ಲ, ಮೀನಖಂಡವನ್ನು ಹಿಮ್ಮಡಿಗೆ ಹಿಡಿದಿಡುವ ಹುರಿಯೂ ತುಂಡಾಗಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ ಎಂದು ಖಚಿತ ಮಾಡಿಕೊಂಡು ಫಿಸಿಯೋ ಮೇಡಂ ಹತ್ತಿರ ಕಳಿಸಿದರು. ಕಾಲಿನ ವ್ಯಾಯಾಮ ಹೇಳಿಕೊಡುವವರು ಅವರು. ವೈದ್ಯರು ಕತ್ತರಿಯಿಂದ ಬಿಡಿಸಿ ತೆಗೆದಿದ್ದ ಕ್ಯಾನ್ವಾಸಿನ ತೋಳನ್ನು ಕೈಯಲ್ಲಿ ಹಿಡಿದು, ಇದನ್ನು ಹೊಲಿದವರು ಯಾರು ಎಂದು ಕೇಳಿದರು. ಊರಿಗೆಲ್ಲ ಅಳತೆ ಹೇಳುವ ಮಹಾನುಭಾವರು ಇವರೇ ಎಂದಳು, ಸುದ್ದಿ ಕೇಳಿ ಓಡಿ ಬಂದಿದ್ದ ದರ್ಜಿಯ ಹೆಂಡತಿ.

“ಹೊಲಿಗೆ ಚೆನ್ನಾಗಿದೆ,” ಎಂದರು ಮೇಡಂ. “ರಕ್ತ ಓಡಾಡೋ ದಾರೀನೂ ಸೇರಿಸಿ ಹೊಲಿದುಬಿಟ್ಟಿದೀರಿ.”

“ಮೆಷಿನ್ ತುಳಿದು ನೋಡಿದ್ದೆ ಮೇಡಂ. ನೋವಿರ್ಲಿಲ್ಲ.”

“ಕೂತು ತುಳಿದ್ರಿ. ಮೈಭಾರ ಹೊತ್ತಿದ್ದು ಸ್ಟೂಲು. ಓಡುವಾಗ ಸ್ಟೂಲು ಜೊತೆಗೆ ಬರುತ್ತಾ?”

ಆಮೇಲೆ ಅವರು ನಿಧಾನವಾಗಿ ತಿಳಿಸಿ ಹೇಳಿದರು. ಪೆಟ್ಟಾದ ಕೂಡಲೇ ಓಟ ನಿಲ್ಲಿಸಬೇಕು. ಮೊದಲ ಕೆಲವು ದಿನ ಬಿಸಿ ಶಾಖ ಬೇಡ, ಎಣ್ಣೆ ಹಾಕಿ ತಿಕ್ಕುವುದು ಬೇಡವೇ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಇಟ್ಟು ತೆಗೆಯಬೇಕು. ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಬೇಕು. ಹಿಗ್ಗುವ ಬ್ಯಾಂಡೇಜು ಸುತ್ತಬಹುದು, ಬೆರಳು ಜೋಮು ಹಿಡಿದರೆ ಸಡಿಲಿಸಬೇಕು, ಮಲಗುವಾಗ ಬಿಚ್ಚಬೇಕು. ಕುಂಟುವಂತಿದ್ದರೆ ಕೋಲು ಹಿಡಿಯಬೇಕು. ಹಾಗೆಂದು ಕಾಲನ್ನು ಪೂರ್ತಿ ಕಟ್ಟಿಹಾಕಿ ಕೂರುವುದೂ ಸರಿಯಲ್ಲ. ನೋಯದಷ್ಟು ಪಾದ ಆಡಿಸುತ್ತಿರಬೇಕು. ನೋವು ಇಳಿದ ಮೇಲೆ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, ಅದು ಸಲೀಸಾದ ಮೇಲೆ ಒಂದೇ ಕಾಲಿನ ಮೇಲೆ. ಆಮೇಲೆ ಬಿರುಸಿನ ನಡಿಗೆ, ಆಮೇಲೆ ಸಮತಟ್ಟಿನ ರಸ್ತೆಯಲ್ಲಿ ಮೆಲ್ಲಗೆ ಓಟ. ಏರು, ಇಳಿಜಾರು, ವೇಗ ಎಲ್ಲಕ್ಕಿಂತ ಕೊನೆಗೆ.

ಹಿಮ್ಮಡಿ ಎತ್ತಿ ಇಳಿಸುವುದೂ ಒಂದು ಔಷಧಿಯಾ ಎಂದು ದರ್ಜಿ ಗೊಣಗಿದರು. ಬರುವ ಓಟದ ಹೊತ್ತಿಗೆ ಆಗುತ್ತದೆಯೇ ಎಂದು ಎರಡು ಸಲ ಕೇಳಿದರು. ಆಗದು ಎಂದು ಮೇಡಂ ತಲೆಯಾಡಿಸಿದರು.

ಹೆಂಡತಿ ಮಾತ್ರ ಬಿಡಲಿಲ್ಲ. “ಕಚ್ಚಾ ಹೊಲಿಗೆ ಹಾಕಿದ ಅಂಗೀನ ಯಾವತ್ತಾದ್ರೂ ಗಿರಾಕಿಗೆ ಕೊಟ್ಟಿದೀರಾ? ನಿಮ್ಮ ಕಾಲಿಗಾದ್ರೆ ಅವಸರ.”

ತುಟಿ ಊದಿದ್ದರಿಂದ ಮೈಕಣ್ಣ ಕೆಲವು ದಿನ ಮೈಕು ಹಿಡಿಯಲಿಲ್ಲ. ಬಸ್ ನಿಲ್ದಾಣ ಮೌನವಾಯಿತು. ಯಾಕೆ ಎಂದು ಕೇಳಿದವರಿಗೆಲ್ಲ ಕಾರಣ ಗೊತ್ತಾಯಿತು. ಬಟ್ಟೆ ಕೊಡಲು ಬಂದವರು, ಕಬ್ಬಿಣಕ್ಕೆ ತುಕ್ಕು ಹಿಡಿಯಿತಾ ಎಂದು ನಗುವರು. ದರ್ಜಿಗೆ ಆ ನಗು ಅಷ್ಟು ಚುಚ್ಚಲಿಲ್ಲ. ಅವರನ್ನು ತಿನ್ನುತ್ತಿದ್ದುದು ಬೇರೆ. ಭಾವಮೈದುನ ಮನೆಗೆ ಬಂದರೆ ಇವರು ಹಿತ್ತಲಿಗೆ ಹೋಗಿ ನಿಲ್ಲುವರು. ಕಣ್ಣು ಕಾಣದವನಿಗೂ ಮುಖ ತೋರಿಸಲಾರದ ಸ್ಥಿತಿ.

ಓಟದ ದಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಒಳಗೆ ಕುಳಿತಿದ್ದೆವು. ಮೈಕಣ್ಣ ಕೋಲು ತಟ್ಟುತ್ತಾ ಬಂದು ಬೆಂಚಿನ ಮೇಲೆ ಕುಳಿತ. ಹೊರಗೆ ಓಟಗಾರರ ಹೆಜ್ಜೆಗಳು ಮಳೆಯಂತೆ ಬಂದು ಹಾದುಹೋದವು. ಕೊನೆಯ ಹೆಜ್ಜೆ ಹೋಗುವವರೆಗೂ ಅವನು ಅತ್ತಲೇ ಕಿವಿ ಕೊಟ್ಟಿದ್ದ. ತಪ್ಪಾಯಿತು, ನಿನ್ನ ಓಟ ಕಳೆದೆ ಎಂದು ದರ್ಜಿ ತಡವರಿಸಿದರು.

“ಓಟ ಹೋಗ್ಲಿ ಭಾವ, ಮುಂದಿನ ವರ್ಷ ಬರುತ್ತೆ,” ಎಂದ ಮೈಕಣ್ಣ. “ನಿಮ್ಮ ಹೆಜ್ಜೆ ಸದ್ದು ಬೇರೆ ಆಗಿತ್ತು. ನನಗೆ ಗೊತ್ತಾಯ್ತು. ಅದಕ್ಕೇ ಕೇಳ್ದೆ. ನೀವು ಇಲ್ಲ ಅಂದ್ರಿ. ನನ್ನ ಕಿವಿ ಬಿಟ್ಟು ನಿಮ್ಮ ಮಾತು ನಂಬಿದೆ.”

ನಾನು ಗುಂಡಿ ಹಾಕುವುದನ್ನೇ ಮುಂದುವರಿಸಿದೆ. ಅಂಥ ಹೊತ್ತಿನಲ್ಲಿ ಸಮಾಧಾನ ಹೇಳುವುದೂ ಒಂದು ಸುಳ್ಳೇ.

ಅಂದಿನಿಂದ ದರ್ಜಿ ಕೋಲು ಹಿಡಿದು ಬೀದಿಯಲ್ಲೇ ನಡೆದಾಡಿದರು. ನೋಡುವವರು ನೋಡಲಿ ಎಂದು ಬಿಟ್ಟರು. ಅಂಗಡಿಯ ಗೋಡೆ ಹಿಡಿದು ದಿನವೂ ಹಿಮ್ಮಡಿ ಎತ್ತಿದರು, ಇಳಿಸಿದರು. ಪೈಲ್ವಾನರು ಎಣ್ಣೆ ಬಟ್ಟಲು ಹಿಡಿದು ಬಂದಾಗ, ಕೈಮುಗಿದು ಕಳಿಸಿದರು. ಮೀನಖಂಡದ ಬಣ್ಣ ಇಳಿಯಿತು, ಕೋಲು ಮೂಲೆ ಸೇರಿತು.

ಒಂದು ಬೆಳಿಗ್ಗೆ ಮೈಕಣ್ಣ ಅಂಗಡಿಗೆ ಬಂದ. ಗಿರಾಕಿಗಳಿದ್ದರು, ಹಾಲಿನವನೂ ಪ್ಯಾಂಟಿನ ಅಳತೆಗೆ ನಿಂತಿದ್ದ. ಇವತ್ತು ಮೆಲ್ಲಗೆ ಓಡೋಣವೇ ಎಂದು ದರ್ಜಿ ಕೇಳಿದರು. ಮೈಕಣ್ಣ ನೆಲದ ಮೇಲೆ ಕುಳಿತು, ಒಂದೊಂದು ಅಂಗೈಯನ್ನು ಒಂದೊಂದು ಮೀನಖಂಡದ ಮೇಲಿಟ್ಟ.

“ಎತ್ತಿ ಭಾವ. ಮೊದಲು ಒಳ್ಳೇ ಕಾಲು. ಈಗ ಇನ್ನೊಂದು.”

ದರ್ಜಿ ಗೋಡೆ ಹಿಡಿದು ಎತ್ತಿದರು. ಎರಡನೆಯ ಕಾಲು ಕೊಂಚ ಹೊತ್ತಿಗೇ ನಡುಗಿತು.

“ನೋಯುತ್ತಾ?” ಎಂದು ಕೇಳಿದ ಮೈಕಣ್ಣ.

ಅಂಗಡಿಯಲ್ಲಿ ಎಲ್ಲರೂ ನೋಡುತ್ತಿದ್ದರು. ದರ್ಜಿಯ ಕಿವಿ ಕೆಂಪಾಯಿತು.

“ಹೌದು,” ಎಂದರು. “ನೋಯ್ತಾ ಇದೆ.”

“ಹಾಗಾದ್ರೆ ಇವತ್ತು ನಡೆಯೋಣ,” ಎಂದು ಮೈಕಣ್ಣ ಅವರ ಮೊಣಕೈ ಹಿಡಿದು ಎದ್ದ.

ಇಬ್ಬರೂ ನಡೆದೇ ಹೋದರು. ಮತ್ತೆ ಓಡಿದ್ದು, ಎರಡೂ ಕಾಲಿನ ಬಲ ಒಂದೇ ಎಂದು ಮೈಕಣ್ಣನ ಅಂಗೈಗೆ ಗೊತ್ತಾದ ಮೇಲೆಯೇ.

ಇದನ್ನು ಓದುತ್ತಿರುವವರೇ, ಓಡುವ ನಿಮ್ಮ ಮಗಳೋ, ಗಂಡನೋ, ನೆರೆಯವರೋ ಇದ್ದಕ್ಕಿದ್ದಂತೆ ಕುಂಟಿದರೆ ನಗಬೇಡಿ. ನೀವು ನಕ್ಕರೆ ಅವರು ಮುಚ್ಚಿಡುತ್ತಾರೆ. ಮೀನಖಂಡದಲ್ಲಿ ಕಲ್ಲು ಹೊಡೆದಂಥ ನೋವು ಬಂದರೆ ಅಲ್ಲೇ ನಿಲ್ಲಿ. ತಿಕ್ಕಬೇಡಿ, ಬಿಗಿದು ಕಟ್ಟಬೇಡಿ, ಆಸ್ಪತ್ರೆಯಲ್ಲಿ ತೋರಿಸಿ. ಹಿಮ್ಮಡಿ ಎತ್ತಲೇ ಆಗದಿದ್ದರೆ, ಕಾಲು ಬಿಸಿಯಾಗಿ ಊದುತ್ತಾ ಹೋದರೆ ಅದೇ ದಿನ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ. ಇಷ್ಟನ್ನು ಪಕ್ಕದ ಮನೆಯವರಿಗೂ ಓದಿ ಹೇಳಿ. ಮತ್ತೆ ಓಡುವುದಕ್ಕೆ ಮುಂಚೆ ಯಾರಾದರೂ ನೋಯುತ್ತಾ ಎಂದು ಕೇಳಿದರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆಗುವ ನಾಚಿಕೆ ಆಗಲಿ. ಅದು ಒಂದು ಗಳಿಗೆಯದು.