ಲಾವಾರಸ ತಣಿಯುವ ಬಗೆ

ಇಪ್ಪತ್ತಮೂರನೆಯ ಉತ್ತರಪತ್ರಿಕೆಯಲ್ಲೂ ಅದೇ ವಾಕ್ಯ. 'ಲಾವಾರಸ ತಣಿದು ಕಲ್ಲಾಗುತ್ತದೆ. ಉದಾಹರಣೆ: ನಮ್ಮ ಊರಿನ ಕೆಂಪು ಮುರಕಲ್ಲು.' ವಿಮಲಾ ಸರಿ ಗುರುತು ಹಾಕಿ, ಎದ್ದು ಹೋಗಿ ಪಾಯಸದ ಹೆಸರುಬೇಳೆ ತಿರುವಿ ಬಂದಳು. ಜೈನರ ಮನೆ, ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಮಗಳು ಗ್ರೀಷ್ಮಾಳನ್ನು ಕರೆದುಕೊಂಡು ಹೋಗಲು ಅಳಿಯ ಜಯೇಶ್ ಐದಕ್ಕೆ ಬರುವವನಿದ್ದ.

ಮುಂದಿನದು ಆಫ್ರಾ ಎಂಬ ಹುಡುಗಿಯದ್ದು. 'ಶಿಲಾಪಾಕ ಭೂಮಿಯಿಂದ ಹೊರಗೆ ಬಂದರೆ ಅದಕ್ಕೆ ಲಾವಾರಸ ಎನ್ನುತ್ತಾರೆ. ಮೇಲಿನ ಪದರ ಬೇಗ ಗಟ್ಟಿಯಾಗುತ್ತದೆ. ಆ ಪದರವೇ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ದಪ್ಪ ಇದ್ದರೆ ಒಳಗೆ ವರ್ಷಗಟ್ಟಲೆ ಕೆಂಪಾಗಿಯೇ ಇರುತ್ತದೆ. ಮುರಕಲ್ಲು ಲಾವಾರಸ ಅಲ್ಲ ಟೀಚರ್, ಅದು ಮಳೆಯಿಂದ ಆದದ್ದು. ಅಪ್ಪನ ಕಲ್ಲಿನ ಕೋರೆಗೆ ಪರೀಕ್ಷೆಗೆ ಬಂದವರು ಹೇಳಿದರು.'

ತಪ್ಪು ಹಾಕಲು ಹೋದ ಕೆಂಪು ಪೆನ್ನು ಅಲ್ಲೇ ನಿಂತಿತು. ವಿಮಲಾ ಮೊಬೈಲಿನಲ್ಲಿ ಹುಡುಕಿದಳು. ಹುಡುಗಿ ಬರೆದದ್ದೆಲ್ಲ ಸರಿ ಇತ್ತು. ಲಕ್ಷಗಟ್ಟಲೆ ವರ್ಷಗಳ ಮಳೆ ಬಂಡೆಯ ಸಾರವನ್ನೆಲ್ಲ ತೊಳೆದುಕೊಂಡು ಹೋಗಿ, ಉಳಿದದ್ದು ಮುರಕಲ್ಲು. ಅದರ ತೂತುಗಳನ್ನು ತೋರಿಸಿ, ಇವು ಗಾಳಿಗುಳ್ಳೆಗಳು ಎಂದು ಅವಳು ಹತ್ತೊಂಬತ್ತು ವರ್ಷ ಪಾಠ ಮಾಡಿದ್ದಳು.

ಮಕ್ಕಳಿಗೆ ನಾಳೆ ಹೇಳಿ ತಿದ್ದಬಹುದು. ಆದರೆ ಇದೇ ಪಾಠವನ್ನು ಅವಳು ಮನೆಯಲ್ಲೂ ಮಾಡಿದ್ದಳು. ಎರಡು ವರ್ಷದ ಹಿಂದೆ, ಮದುವೆಯಾಗಿ ಮೂರೇ ತಿಂಗಳಿಗೆ ಗ್ರೀಷ್ಮಾ ಅಳುತ್ತಾ ಫೋನ್ ಮಾಡಿದ್ದಾಗ ಹೇಳಿದ್ದಳು: "ಜಯೇಶನ ಸಿಟ್ಟು ಲಾವಾರಸದ ಹಾಗೆ ಮಗಾ. ಹೊರಗೆ ಬಂದದ್ದು ತಣಿದೇ ತಣಿಯುತ್ತದೆ. ತಣಿದ ಕಲ್ಲಿನಲ್ಲೇ ಅಲ್ವಾ ನಾವೆಲ್ಲ ಮನೆ ಕಟ್ಟಿದ್ದು?"

ಕಳೆದ ತಿಂಗಳು ಜಯೇಶ್ ಮೆಲ್ಕಾರಿನ ತನ್ನ ಅಂಗಡಿಯಿಂದ ಮನೆಗೆ ಬರುವಾಗ ಹೊತ್ತು ಮುಳುಗಿತ್ತು. ತನಗೆ ಊಟವಿಲ್ಲದ ದಿನ ಇವಳು ಹಗಲಿರುವಾಗಲೇ ಉಂಡು ಕೂತಿದ್ದಾಳೆ ಎಂದು ಅವನಿಗೆ ಸಿಟ್ಟು. ಒಲೆಯ ಮೇಲಿದ್ದ ಬಿಸಿನೀರು ಅವಳ ಕೈಮೇಲೆ ಬಿತ್ತು. ಬಿತ್ತು ಎಂದೇ ಗ್ರೀಷ್ಮಾ ಹೇಳಿದ್ದು.

ಈಗ ಅವಳು ಅಡುಗೆಮನೆಯಲ್ಲಿ ಏಲಕ್ಕಿ ಸುಲಿಯುತ್ತಿದ್ದಳು. ವಿಮಲಾ ಹೋಗಿ ಅವಳ ಕೈ ಹಿಡಿದು ನೋಡಿದಳು.

"ಮೇಲೆ ಒಣಗಿದೆ ಅಮ್ಮ. ಒಳಗೆ ಮಾತ್ರ ಸ್ವಲ್ಪ ಉರಿ ಉಂಟು."

"ನಾನು ನಿನಗೆ ಹೇಳಿದ್ದು ತಪ್ಪು, ಗ್ರೀಷ್ಮಾ. ಅದು ತಣಿಯುವುದಿಲ್ಲ. ನೀನು ಇವತ್ತು ಹೋಗುವುದು ಬೇಡ."

ಗ್ರೀಷ್ಮಾ ನಕ್ಕಳು. "ಟೀಚರೇ ಪಾಠ ತಪ್ಪು ಅಂದ್ರೆ ಕಲಿತವರು ಎಲ್ಲಿಗೆ ಹೋಗುವುದು?" ಆಮೇಲೆ ಸಿಪ್ಪೆಗಳನ್ನು ಒಟ್ಟುಮಾಡುತ್ತಾ ಮೆಲ್ಲಗೆ ಹೇಳಿದಳು, "ಎರಡು ವರ್ಷ ಕಾದಿದ್ದೇನೆ. ಈಗ ಬಿಟ್ಟು ಬಂದರೆ ಕಾದದ್ದೆಲ್ಲ ದಂಡ ಅಲ್ವಾ ಅಮ್ಮ?"

ಜಯೇಶ್ ಹೇಳಿದ ಹೊತ್ತಿಗೇ ಬಂದ. ಬಾಳೆಹಣ್ಣಿನ ಚಿಪ್ಪು ತಂದಿದ್ದ. ಅತ್ತೆ ಮಾವನ ಕಾಲು ಮುಟ್ಟಿದ.

"ಇದು ಜಾಸ್ತಿ ಆಯ್ತು ಮಾರಾಯ, ಇಷ್ಟು ದೊಡ್ಡ ಚಿಪ್ಪು ತಿನ್ನಲಿಕ್ಕೆ ಇಲ್ಲಿ ಇರುವುದು ಇಬ್ಬರು ಮುದುಕರು," ಎಂದು ವಿಮಲಾಳ ಗಂಡ ಶಾಂತಿಪ್ರಸಾದ ಖುಷಿಯಿಂದ ಗದರಿದರು.

"ಅತ್ತೆಯ ಪಾಯಸಕ್ಕೆ ಇದು ಕಮ್ಮಿಯೇ ಮಾವ."

ಊಟದ ನಡುವೆ ಗ್ರೀಷ್ಮಾ ನೀರು ಬಡಿಸುವಾಗ ಎರಡು ಹನಿ ಅವನ ಎಲೆಯ ಬದಿಗೆ ಬಿತ್ತು. ಜಯೇಶ್ ಆ ನೀರನ್ನು ನೋಡಿದ. ಮುಖದ ನಗು ಹಾಗೇ ಇತ್ತು. ಗ್ರೀಷ್ಮಾಳ ಕೈ ತಟ್ಟನೆ ಸೆರಗಿನೊಳಗೆ ಹೋಯಿತು. ವಿಮಲಾ ಎರಡನ್ನೂ ನೋಡಿದಳು.

"ಇನ್ನು ನಾಲ್ಕು ದಿನ ಇಲ್ಲೇ ಇರಲಿ ಅವಳು," ಎಂದಳು.

"ನಿನಗೆ ಮಗಳನ್ನು ಬಿಟ್ಟಿರಲಿಕ್ಕೆ ಆಗುವುದಿಲ್ಲ, ಅಷ್ಟೇ," ಎಂದರು ಶಾಂತಿಪ್ರಸಾದ.

"ಇರಲಿ ಅತ್ತೆ, ಅದಕ್ಕೇನು," ಎಂದ ಜಯೇಶ್. "ಅವಳೇ ಹೇಳಲಿ."

ಮೂವರೂ ಗ್ರೀಷ್ಮಾಳ ಕಡೆ ನೋಡಿದರು.

"ಇಲ್ಲ, ಹೋಗುವ," ಎಂದಳು ಅವಳು.

ಬೆಳಕಿರುವಾಗಲೇ ಕಾರು ಗುರುವಾಯನಕೆರೆಯ ಕಡೆಗೆ ಹೊರಟಿತು. ಶಾಂತಿಪ್ರಸಾದ ಗೇಟಿನಿಂದ ಹಿಂದೆ ಬರುತ್ತಾ, "ಹುಡುಗ ಈಗ ಎಷ್ಟು ಸಮಾಧಾನ ಆಗಿದ್ದಾನೆ ನೋಡು," ಎಂದರು. ಇನ್ನು ಮಗಳು ಅಳುತ್ತಾ ಫೋನ್ ಮಾಡುವುದೂ ಇಲ್ಲ ಎಂಬುದು ವಿಮಲಾಳಿಗೆ ಗೊತ್ತಾಗಿತ್ತು. ತಾಳಿಕೊಳ್ಳುವುದನ್ನು ಹುಡುಗಿ ಚೆನ್ನಾಗಿಯೇ ಕಲಿತಿದ್ದಳು.

ಅಂಗಳದಲ್ಲೇ ನಿಂತು ವಿಮಲಾ ಲೆಕ್ಕ ಹಾಕಿದಳು. ಶನಿವಾರ ಶಾಲೆ ಬೆಳಗ್ಗೆ ಮಾತ್ರ. ವೇಣೂರಿನ ಮೇಲಾಗಿ ಹೋಗುವ ಬಸ್ಸು ಸಿಕ್ಕಿದರೆ ಮಧ್ಯಾಹ್ನದ ಹೊತ್ತಿಗೆ ಮಗಳ ಮನೆಯಲ್ಲಿರಬಹುದು. ಯಾರೂ ಕರೆಯದೆ ಹೋಗಬೇಕು. ಜಯೇಶ್ ಬರುವವರೆಗೆ ಚಾವಡಿಯಲ್ಲಿ ಕೂತಿರಬೇಕು, ಕೊನೆಯ ಬಸ್ಸಿಗೆ ಹಿಂದೆ ಬರಬೇಕು. ಅದರಿಂದ ವಾರದ ಉಳಿದ ಆರು ದಿನಗಳಿಗೆ ಏನೂ ಆಗುವುದಿಲ್ಲ. ಆದರೂ ಪ್ರತಿ ಶನಿವಾರ ಹೋಗುವುದೆಂದೇ ಗಟ್ಟಿ ಮಾಡಿಕೊಂಡಳು. ಗಂಡನಿಗೆ ಸ್ಪೆಷಲ್ ಕ್ಲಾಸ್ ಉಂಟು ಎಂದರಾಯಿತು.

"ಒಳಗೆ ಬರುವುದಿಲ್ವಾ?" ಎಂದು ಶಾಂತಿಪ್ರಸಾದ ಕರೆದರು.

"ಬಂದೆ," ಎಂದಳು.