ಕನ್ನಡಿಯಲ್ಲಿ ಕಂಡ ಕೈ

ಅಕ್ಕನ ಬಲಗೈ ಸೋತ ಮೇಲೆ ನಾನು ಕೂದಲು ಕತ್ತರಿಸಿಕೊಂಡಿರಲಿಲ್ಲ. ಚಿಕ್ಕಂದಿನಿಂದ ನನ್ನ ತಲೆಗೆ ಕತ್ತರಿ ಮುಟ್ಟಿಸಿದವಳು ಅವಳೊಬ್ಬಳೇ. ಅಮ್ಮ ತೀರಿಕೊಂಡ ವರ್ಷ ಅಡುಗೆಮನೆಯ ಕತ್ತರಿಯಿಂದ ಶುರು ಮಾಡಿದಳು. ಆಗ ನನ್ನ ಒಂದು ಕಿವಿ ಪೂರ್ತಿ ಕಾಣುತ್ತಿತ್ತು, ಇನ್ನೊಂದು ಅರ್ಧ ಮುಚ್ಚಿರುತ್ತಿತ್ತು. ಆಮೇಲೆ ಅವಳು ಕೆಲಸ ಕಲಿತು, ಮನೆಯ ಮುಂದಿನ ಕೋಣೆಯನ್ನು ಪಾರ್ಲರ್ ಮಾಡಿದಳು. ಒಂದೇ ಕುರ್ಚಿ, ಗೋಡೆಯಗಲದ ಕನ್ನಡಿ. ಗಿರಾಕಿಗಳೆಲ್ಲ ಹೋದ ಮೇಲೆ ನನ್ನನ್ನು ಕೂರಿಸಿಕೊಳ್ಳುತ್ತಿದ್ದಳು.

ಕತ್ತರಿ ಎತ್ತುವ ಮೊದಲು ಅವಳದೊಂದು ಅಭ್ಯಾಸವಿತ್ತು. ಅಂಗೈಯನ್ನು ನನ್ನ ತಲೆಯ ಹಿಂದೆ ಇಟ್ಟು, ಮೆಲ್ಲಗೆ ಒತ್ತಿ, ತಲೆಯನ್ನು ಮುಂದಕ್ಕೆ ಬಗ್ಗಿಸುವಳು. ಬಾಯಲ್ಲಿ ಹೇಳುತ್ತಿರಲಿಲ್ಲ. ಬೀಗ ಹಾಕಿದೆನೋ ಇಲ್ಲವೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ದಿನವಿಡೀ ಒಳಗೇ ಕುದಿಯುವವಳು ನಾನು. ಆ ಕೈ ಬಿದ್ದ ಕೂಡಲೇ ನನ್ನ ಹೆಗಲು ತಾನಾಗಿ ಇಳಿಯುತ್ತಿತ್ತು. ಇನ್ನು ನೋಡಿಕೊಳ್ಳುವುದೆಲ್ಲ ಅವಳದು, ನಾನು ಸುಮ್ಮನೆ ಕುಳಿತಿದ್ದರೆ ಸಾಕು.

ಒಂದು ಬೆಳಿಗ್ಗೆ ಗಿರಾಕಿಯೊಬ್ಬಳ ತಲೆ ಅರ್ಧ ಮುಗಿಸಿದ್ದಾಗ ಅಕ್ಕನ ಕೈಯಿಂದ ಬಾಚಣಿಗೆ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಪಾರ್ಶ್ವವಾಯು ಎಂದರು. ಮಾತು ಬೇಗ ಮರಳಿತು, ಅದೂ ಮೊದಲಿಗಿಂತ ಚುರುಕಾಗಿ. ಕಾಲು ನಿಧಾನವಾಗಿ ಬಂತು. ಬಲಗೈ ಮಾತ್ರ ಬಂದೂ ಬಾರದ ಹಾಗೆ, ಮನೆಗೆ ಬಂದು ಹೊಸ್ತಿಲಲ್ಲೇ ನಿಂತ ನೆಂಟರಂತೆ ಉಳಿಯಿತು. ಪಾರ್ಲರನ್ನು ಅಕ್ಕನ ಹತ್ತಿರ ಕೆಲಸ ಕಲಿತಿದ್ದ ಹುಡುಗಿ ನಡೆಸತೊಡಗಿದಳು. ಅವಳ ಕೂದಲಿನಿಂದಾಗಿ ಅವಳನ್ನು ನಾವು ಗುಂಗುರಿ ಎಂದೇ ಕರೆಯುತ್ತಿದ್ದೆವು.

ನಾನು ಆಕ್ಯುಪೇಶನಲ್ ಥೆರಪಿ ಓದಲು ಸೇರಿದ್ದು ಆಗ. ಸ್ನಾತಕೋತ್ತರ ಕೋರ್ಸು, ಅರ್ಧ ಮನೆಯಲ್ಲಿ, ಅರ್ಧ ಕಾಲೇಜಿನಲ್ಲಿ. ಬೆಳಿಗ್ಗೆ ಆಫೀಸು, ಸಂಜೆ ಲ್ಯಾಪ್‌ಟಾಪಿನಲ್ಲಿ ಪಾಠ, ತಿಂಗಳಿಗೊಂದು ಶನಿವಾರ ಭಾನುವಾರ ಊರು ದಾಟಿ ಹೋಗಿ ಪ್ರಾಯೋಗಿಕ ತರಗತಿ. ಈ ವಯಸ್ಸಿನಲ್ಲಿ ಇದೇನು, ಕೆಲಸ ಕೊಡಿಸುವ ಕೋರ್ಸೇ ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದರು. ಕೈಕಾಲು ಸೋತವರು ತಮ್ಮ ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ವಿದ್ಯೆ ಎಂದು ವಿವರಿಸಿದೆ. ಊಟ, ಬಟ್ಟೆ, ಸ್ನಾನ, ಕಸುಬು. ಅಕ್ಕ ಪಕ್ಕದಲ್ಲೇ ಕುಳಿತು ಕೇಳಿಸಿಕೊಂಡಳು.

"ಮಳೆಗೆ ಮುಂಚೆ ಕೊಡೆ ಬಿಚ್ಚೋಳು ನೀನು," ಎಂದಳು. "ಈಗ ನೆಂದಾದ ಮೇಲೆ ಕೊಡೆ ಅಂಗಡಿನೇ ಇಡೋಕೆ ಹೊರಟಿದ್ದೀಯ."

ಕಾಲೇಜಿನಲ್ಲಿ ಒಂದು ದೊಡ್ಡ ಕೋಣೆಯನ್ನೇ ಮನೆಯಂತೆ ಮಾಡಿದ್ದರು. ಮಂಚ, ಒಲೆ, ಬಚ್ಚಲು, ಎಲ್ಲಿಗೂ ಹೋಗದ ನಾಲ್ಕು ಮೆಟ್ಟಿಲು. ಮೊದಲ ಸಲ ಹೋದಾಗ ನಮ್ಮ ಬಲಗೈಗಳನ್ನು ಎದೆಗೆ ಬಿಗಿದು ಕಟ್ಟಿ, ಅಂಗಿ ಹಾಕಿಕೊಳ್ಳಿ ಎಂದರು. ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಎರಡೇ ಮಾತಿನ ಈ ನಿಯಮ ಗೊತ್ತಿಲ್ಲದೆ ಎಷ್ಟು ಬೆಳಗುಗಳಲ್ಲಿ ಅಕ್ಕನ ತೋಳನ್ನು ಎಳೆದು ನೋಯಿಸಿದ್ದೆ ಎಂದು ಅಂಗಿಯೊಳಗೆ ತಲೆ ಸಿಕ್ಕಿಸಿಕೊಂಡೇ ಯೋಚಿಸಿದೆ.

ನಮಗೆ ಕಲಿಸುತ್ತಿದ್ದ ಮೇಡಂ ಆತುರವನ್ನೇ ಅರಿಯದವರು. ನಾವು ಅವರನ್ನು ನಿಧಾನ ಮೇಡಂ ಎನ್ನುತ್ತಿದ್ದೆವು. ರೋಗಿ ಗುಂಡಿ ಹಾಕಲು ಒದ್ದಾಡುವಾಗ ಮುಂದೆ ಚಾಚುವ ನಮ್ಮ ಕೈಗಳನ್ನು ಅವರು ಕಣ್ಣಿನಲ್ಲೇ ತಡೆಯುತ್ತಿದ್ದರು. ಕೈಕಟ್ಟಿ ಕೂರುವುದೇ ಈ ವಿದ್ಯೆಯ ಕಷ್ಟದ ಪಾಠ, ಅದಕ್ಕೇ ಅದನ್ನು ಕೊನೆಯ ವರ್ಷದವರೆಗೂ ಕಲಿಸುತ್ತೇವೆ ಎನ್ನುತ್ತಿದ್ದರು. ನಾನು ತಲೆಯಾಡಿಸಿ, ಬಿಡುವು ಸಿಕ್ಕ ಕೂಡಲೇ ಹೊರಗೆ ಬಂದು ಮನೆಗೆ ಫೋನ್ ಮಾಡುತ್ತಿದ್ದೆ. ಆ ಎರಡು ದಿನ ಗುಂಗುರಿ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಮಾತ್ರೆ ಕೊಟ್ಟೆಯಾ, ಬಚ್ಚಲ ನೆಲ ಒರೆಸಿದೆಯಾ, ಬಾಗಿಲಲ್ಲೇ ನಿಂತಿರು ಎಂದು ಅವಳಿಗೆ ಹೇಳುತ್ತಿದ್ದರೆ ಹಿಂದಿನಿಂದ ಅಕ್ಕನ ದನಿ ಬರುತ್ತಿತ್ತು. ಬದುಕಿದ್ದೀನಿ ಅಂತ ಹೇಳಿ ಫೋನ್ ಇಡೇ, ಇಲ್ಲದಿದ್ದರೆ ಅವಳು ನಿನ್ನ ಕಿವಿಯನ್ನೂ ಒರೆಸಿಬಿಡುತ್ತಾಳೆ.

ನನ್ನ ಗುರಿ ಒಂದೇ ಇತ್ತು. ಅಕ್ಕ ಮತ್ತೆ ಕತ್ತರಿ ಹಿಡಿಯಬೇಕು. ಮೊದಲ ತಲೆ ನನ್ನದೇ ಆಗಬೇಕು. ಒತ್ತಿ ಬಿಟ್ಟರೆ ತಾನೇ ಅಗಲವಾಗುವ ಸ್ಪ್ರಿಂಗ್ ಕತ್ತರಿ ತಂದೆ. ಬಾಚಣಿಗೆಯ ಹಿಡಿಗೆ ಸ್ಪಂಜು ಸುತ್ತಿದೆ. ಗುಂಗುರಿ ಕೆಲಸ ಕಲಿಯುವಾಗ ಬಳಸುತ್ತಿದ್ದ ಬೊಂಬೆ ತಲೆಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದೆ. ಸಂಜೆ ಪಾಠ ಮುಗಿದ ಮೇಲೆ ಅಕ್ಕನ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿಸುತ್ತಿದ್ದೆ. ಈ ಬೊಂಬೆ ಒಬ್ಬಳೇ ಕಣೇ ದೂರು ಹೇಳದ ಗಿರಾಕಿ ಎಂದು ಅಕ್ಕ ನಗುತ್ತಿದ್ದಳು. ಮೊದಮೊದಲು ಅವಳ ತೋಳು ಮೇಜಿನಿಂದ ಏಳುತ್ತಲೇ ಇರಲಿಲ್ಲ. ಆಮೇಲೆ ಎದೆಮಟ್ಟಕ್ಕೆ ಬಂತು. ಒಂದು ದಿನ ಬೊಂಬೆಯ ಕಿವಿಯ ತನಕ ಏರಿ, ಕತ್ತರಿ ಒಮ್ಮೆ ಕಚಕ್ಕೆಂದಿತು. ನಾಲ್ಕು ಎಳೆ ಕೂದಲು ನೆಲಕ್ಕೆ ಬಿದ್ದವು. ನಾನು ಅವನ್ನು ಗುಡಿಸದೆ ಬಿಟ್ಟೆ.

ಆಫೀಸಿನಲ್ಲಿ ನನ್ನ ತಲೆಯ ಬಗ್ಗೆ ಮಾತಾಡಿಕೊಳ್ಳತೊಡಗಿದ್ದರು. ಕೂದಲು ಭುಜ ದಾಟಿ, ತುದಿ ಸೀಳಿ, ಯಾವ ಕ್ಲಿಪ್ಪಿಗೂ ನಿಲ್ಲುತ್ತಿರಲಿಲ್ಲ. ಹರಕೆಯೇನಾದರೂ ಇದೆಯೇ ಎಂದು ಒಬ್ಬರು ಕೇಳಿದರು. ಇಲ್ಲ, ಕತ್ತರಿಸುವವರು ಸ್ವಲ್ಪ ದಿನ ರಜೆಯಲ್ಲಿದ್ದಾರೆ ಎಂದೆ.

ಕೋರ್ಸಿಗಾಗಿ ಒಬ್ಬ ರೋಗಿಯ ಜೊತೆ ಕೆಲಸ ಮಾಡಿ ಮೇಡಂಗೆ ತೋರಿಸಬೇಕಿತ್ತು. ಮನೆಯವರೂ ಆಗಬಹುದು ಎಂದಿದ್ದರು, ನಾನು ಅಕ್ಕನನ್ನೇ ಆರಿಸಿಕೊಂಡೆ. ಅದರ ಫಾರಂನಲ್ಲಿ ಗುರಿ, ರೋಗಿಯದೇ ಮಾತಿನಲ್ಲಿ, ಎಂದು ಕೇಳಿದ್ದ ಕಡೆ ಮತ್ತೆ ಕೂದಲು ಕತ್ತರಿಸುವುದು ಎಂದು ಬರೆದೆ. ಅಕ್ಕನನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಜೀವಮಾನವಿಡೀ ಆ ಕುರ್ಚಿಯ ಹಿಂದೆ ನಿಂತವಳಿಗೆ ಇನ್ನೇನು ಬೇಕಿದ್ದೀತು?

ತೋರಿಸಬೇಕಾದ ಸಂಜೆ ಲ್ಯಾಪ್‌ಟಾಪನ್ನು ಪಾರ್ಲರಿನಲ್ಲೇ ಇಟ್ಟೆ. ಅಕ್ಕ ಕನ್ನಡಿಗೆ ಬೆನ್ನು ಮಾಡಿ ಕುಳಿತಳು, ಮುಂದೆ ಸಣ್ಣ ಮೇಜಿನ ಮೇಲೆ ಬೊಂಬೆ ತಲೆ. ನಾನು ಅವಳ ಬಲಕ್ಕೆ ನಿಂತೆ. ಪರದೆಯ ಮೇಲೆ ಮೇಡಂ ಎಂದಿನಂತೆ ಗಲ್ಲಕ್ಕೆ ಕೈಯಿಟ್ಟು ನೋಡುತ್ತಿದ್ದರು. ಅಕ್ಕನ ತೋಳು ಎದ್ದಿತು. ಎದೆ, ಹೆಗಲು, ಬೊಂಬೆಯ ಕಿವಿ. ಕತ್ತರಿ ಕಚಕ್ಕೆಂದಿತು, ಇನ್ನೊಮ್ಮೆ ಕಚಕ್ಕೆಂದಿತು.

ಮೇಡಂ ಹೊಗಳಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೇಳಿದರು.

"ನಿಮ್ಮ ಎಡಗೈ ಎಲ್ಲಿದೆ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಹಿಂದೆ ಕನ್ನಡಿ ಇದೆ, ನೋಡಿ," ಎಂದರು.

ತಿರುಗಿ ನೋಡಿದೆ. ಕನ್ನಡಿಯಲ್ಲಿ ಅಕ್ಕನ ಬೆನ್ನು ಕಂಡಿತು. ಅವಳ ಬಲ ಹೆಗಲ ಹಿಂದಿನಿಂದ ಚಾಚಿಕೊಂಡ ನನ್ನ ಎಡತೋಳು ಕಂಡಿತು. ನನ್ನ ಅಂಗೈ ಅವಳ ಮೊಣಕೈಯನ್ನು ಕೆಳಗಿನಿಂದ, ತುಂಬಿದ ಬಟ್ಟಲು ಹಿಡಿದಂತೆ ಹಿಡಿದಿತ್ತು. ಅದು ಅಲ್ಲಿಗೆ ಯಾವಾಗ ಹೋಯಿತೋ ನನಗೆ ತಿಳಿಯದು. ದಿನವೂ ಸಂಜೆ ಅಲ್ಲೇ ಇತ್ತೆಂದು ಮಾತ್ರ ಆ ಕ್ಷಣ ತಿಳಿಯಿತು. ಏರಿದ್ದು ಅಕ್ಕನ ತೋಳಲ್ಲ, ನನ್ನದು.

ಎರಡೂ ಕೈ ನನಗೆ ಕಾಣುವಂತೆ ಮುಂದೆ ಇಡಿ ಎಂದರು ಮೇಡಂ. ತೆಗೆದೆ. ಅಕ್ಕನ ತೋಳು ನೆನೆದ ಬಟ್ಟೆಯ ಹಾಗೆ ಇಳಿಯಿತು. ಕತ್ತರಿ ಮೇಜಿಗೆ ಬಡಿದು, ಬೊಂಬೆ ತಲೆ ಉರುಳಿ, ನೆಲದಲ್ಲಿ ಮುಖ ಮೇಲಾಗಿ ನಿಂತಿತು. ಅಕ್ಕ ಅದನ್ನೇ ನೋಡುತ್ತ, ಏನೂ ಆಗದವಳಂತೆ ಹೇಳಿದಳು.

"ನಂಗೆ ಗೊತ್ತಿತ್ತು ಮೇಡಂ. ಇವಳು ಅಷ್ಟು ಖುಷಿಯಾಗಿದ್ಲು. ಇರಲಿ ಅಂತ ಬಿಟ್ಟೆ."

ಮೇಡಂ ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. ನಿಮಗೆ ಏನು ಮಾಡೋಕೆ ಬರಬೇಕು ಅಂತ ಆಸೆ, ನೀವೇ ಹೇಳಿ ಎಂದರು. ಅಕ್ಕ ಯೋಚಿಸಲೂ ಇಲ್ಲ.

"ಬಚ್ಚಲಿಗೆ ಹೋಗಿ ಒಳಗಿಂದ ಚಿಲಕ ಹಾಕ್ಕೋಬೇಕು. ಒಬ್ಬಳೇ ಸ್ನಾನ ಮಾಡ್ಬೇಕು. ಹೊರಗೆ ಯಾರೂ ಉಸಿರು ಬಿಗಿಹಿಡ್ಕೊಂಡು ನಿಂತಿರಬಾರದು."

ಮತ್ತೆ ಕತ್ತರಿ ಬೇಡವೇ ಎಂದು ಮೇಡಂ ಕೇಳಿದರು.

"ಕತ್ತರಿ ಬೇಕಾಗಿರೋದು ಇವಳಿಗೆ."

ಕರೆ ಮುಗಿದ ಮೇಲೆ ನಾನು ಬೊಂಬೆಯನ್ನು ಎತ್ತಿಟ್ಟೆ. ಮೊದಲೇ ಹೇಳಬಹುದಿತ್ತು ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಹೇಳಿದ್ದರೆ ನೀನು ಓದು ಬಿಟ್ಟು ಮೂಲೆ ಸೇರುತ್ತಿದ್ದೆ ಎಂದಳು ಅಕ್ಕ. ಆಮೇಲೆ ಎಡಗೈಯಿಂದ ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು.

"ಅದೂ ಅಲ್ದೆ, ದಿನಾ ಸಂಜೆ ನನ್ನ ಕೈ ಕೆಳಗೆ ನಿನ್ನ ಕೈ ಬೆಚ್ಚಗೆ ಇರ್ತಿತ್ತು ಕಣೇ. ಅದು ಬೇಡ ಅಂತ ಹೇಗೆ ಹೇಳ್ಲಿ?"

ಮರುದಿನವೇ ಬಚ್ಚಲಿನ ಕೆಲಸಕ್ಕೆ ಇಳಿದೆ. ಈ ಸಲ ಅಕ್ಕನನ್ನು ಕೇಳಿ ಮಾಡಿದೆ, ಅವಳು ತೋರಿಸಿದಲ್ಲೇ ಗುರುತು ಹಾಕಿದೆ. ಬಡಗಿ ಬಂದು ಹಳೆಯ ಚಿಲಕ ತೆಗೆದು, ಹೊಸದನ್ನು ಎಡಗೈಗೆ ಎಟುಕುವಷ್ಟು ಕೆಳಗೆ ಹಾಕಿದರು. ಗೋಡೆಗೆ ಹಿಡಿಕೆ ಬಂತು, ನಲ್ಲಿಯ ಹತ್ತಿರ ಜಾರದ ಸ್ಟೂಲು ಬಂತು. ಸೋಪು ಕೈಯಿಂದ ಜಾರದಂತೆ ಹಳೆಯ ಕಾಲುಚೀಲದೊಳಗೆ ಹಾಕಿ ಹಿಡಿಕೆಗೆ ಕಟ್ಟಿದೆ. ಚಿಲಕ ಮಾತ್ರ ನಾನು ಆರಿಸಿದ್ದು, ಬೇಕೆಂದರೆ ಹೊರಗಿನಿಂದ ಒಂದು ನಾಣ್ಯ ತಿರುಗಿಸಿ ತೆಗೆಯಬಹುದಾದದ್ದು. ಮುಚ್ಚಿಡಬಾರದೆಂದು ಅಕ್ಕನಿಗೆ ಹೇಳಿಬಿಟ್ಟೆ. ಇರಲಿ ಬಿಡು, ನಿನ್ನ ಹೆದರಿಕೆಗೂ ಒಂದು ಕಿಂಡಿ ಬೇಕಲ್ಲ ಎಂದಳು.

ಬಟ್ಟೆ ಹಾಕಿಕೊಂಡೇ, ನೀರಿಲ್ಲದೆ, ಕೂತು ಏಳುವುದನ್ನು ಅಭ್ಯಾಸ ಮಾಡಿದೆವು. ಆಮೇಲೆ ನೀರು ಹಾಕಿ, ನಾನು ಒಳಗೆ ನಿಂತು. ಆಮೇಲೆ ಬಾಗಿಲು ಓರೆ ಮಾಡಿ. ನನ್ನ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದೆ. ಒಂದು ಸಲ ಸ್ಟೂಲು ಕಿರ್ರೆಂದಾಗ ನುಗ್ಗಿಬಿಟ್ಟೆ. ಅಕ್ಕ ತಲೆಯ ಮೇಲೆ ನೊರೆ ಹೊತ್ತುಕೊಂಡು ಕುಳಿತವಳು, ಟಿಕೆಟ್ ಎಲ್ಲಿ ಎಂದು ಕೇಳಿದಳು.

ಕೊನೆಗೆ ಒಂದು ಸಂಜೆ ಅವಳು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ನೀನು ನಿನ್ನ ಪಾಠ ಕೇಳು ಹೋಗು ಎಂದಳು. ಪಾರ್ಲರಿನಲ್ಲಿ ಕುಳಿತೆ. ಪರದೆಯ ಮೇಲೆ ಮೇಡಂ ಬೆನ್ನುಮೂಳೆಯ ಚಿತ್ರವೊಂದನ್ನು ವಿವರಿಸುತ್ತಿದ್ದರು. ನನ್ನ ಕಿವಿಯೆಲ್ಲ ಒಳಮನೆಯಲ್ಲಿತ್ತು. ಬಾಗಿಲು ಮುಚ್ಚಿದ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ಚಿಲಕ ಒಮ್ಮೆ ತಡವರಿಸಿ, ಬಿದ್ದಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ, ನನ್ನ ಅಕ್ಕ ನನ್ನಿಂದ ಅಷ್ಟು ದೂರ ಹೋದದ್ದು ಅದೇ ಮೊದಲು ಎನಿಸಿತು. ನೀರಿನ ಸದ್ದಿನ ನಡುವೆ ಅವಳು ಏನೋ ಗುನುಗುತ್ತಿದ್ದಳು. ಅವಳು ಸ್ನಾನದಲ್ಲಿ ಗುನುಗುತ್ತಾಳೆಂಬುದನ್ನೇ ನಾನು ಮರೆತಿದ್ದೆ. ನಾನು ಬಾಗಿಲಲ್ಲಿ ನಿಂತಿದ್ದಷ್ಟು ಕಾಲ ಅವಳು ಗುನುಗಿರಲಿಲ್ಲ.

ಆ ತಿಂಗಳು ಕಾಲೇಜಿಗೆ ಹೋದಾಗ ಗುಂಗುರಿಯನ್ನು ಮನೆಯಲ್ಲಿ ಉಳಿಸಬೇಡ, ಮಧ್ಯಾಹ್ನ ಬಂದು ಹೋದರೆ ಸಾಕು ಎಂದಳು ಅಕ್ಕ. ಬಿಡುವಿನಲ್ಲಿ ನಾನು ಎಲ್ಲಿಗೂ ಹೋಗದ ಮೆಟ್ಟಿಲ ಮೇಲೆ ಕುಳಿತು ಫೋನನ್ನು ಕೈಯಲ್ಲಿ ತಿರುಗಿಸುತ್ತಿದ್ದೆ. ಕರೆ ಮಾಡಲಿಲ್ಲ. ನಿಧಾನ ಮೇಡಂ ಹಾದುಹೋಗುತ್ತ ನನ್ನ ಪಕ್ಕ ಸ್ವಲ್ಪ ಹೊತ್ತು ಕುಳಿತು ಎದ್ದುಹೋದರು.

ಭಾನುವಾರ ಸಂಜೆ ಮನೆಗೆ ಬಂದಾಗ ಪಾರ್ಲರಿನ ದೀಪ ಉರಿಯುತ್ತಿತ್ತು. ಅಕ್ಕನ ಕೂದಲು ಒದ್ದೆಯಾಗಿತ್ತು, ಬೈತಲೆ ಸ್ವಲ್ಪ ಸೊಟ್ಟಗಿತ್ತು. ಗುಂಗುರಿ ಕುರ್ಚಿಯ ಪಕ್ಕದಲ್ಲಿ ಕೈಯಲ್ಲಿ ಬಟ್ಟೆ ಹಿಡಿದು ನಿಂತಿದ್ದಳು. ನನ್ನ ಚೀಲ ಇಳಿಸಲೂ ಬಿಡದೆ ಅಕ್ಕ ಹೇಳಿದಳು.

"ಕೂತ್ಕೋ. ಈ ಪೊರಕೆ ತಲೆ ಹೊತ್ಕೊಂಡು ಓಡಾಡಿ ನನ್ನ ಅಂಗಡಿ ಮಾನ ತೆಗೀಬೇಡ."

ನಾನು ಗುಂಗುರಿಯನ್ನು ನೋಡಿದೆ. ಅವಳು ನನ್ನನ್ನು ನೋಡಲಿಲ್ಲ. ಕಾಯುತ್ತೇನೆ ಅಕ್ಕಾ ಎನ್ನಬೇಕೆಂದುಕೊಂಡೆ. ಯಾವುದಕ್ಕೆಂದು ಕಾಯುವುದು? ಕೂತೆ. ಗುಂಗುರಿ ಬಟ್ಟೆ ಹೊದಿಸಿ, ಕುತ್ತಿಗೆಗೆ ಕಟ್ಟಿ, ನೀರು ಸಿಂಪಡಿಸಿ ಬಾಚಿದಳು. ಒಳ್ಳೆಯ ಕೈ ಅವಳದು, ಅಕ್ಕನೇ ತಿದ್ದಿದ ಕೈ. ಆದರೂ ನನ್ನ ಹೆಗಲು ಕಿವಿಗೇ ಅಂಟಿಕೊಂಡಿತ್ತು.

ಅಕ್ಕ ಬಂದು ನನ್ನ ಹಿಂದೆ ನಿಂತಳು. ಕನ್ನಡಿಯಲ್ಲಿ ನೋಡುತ್ತಿದ್ದೆ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದಳು, ಮೆಲ್ಲಗೆ ಎತ್ತಿದಳು, ನನ್ನ ತಲೆಯ ಹಿಂದೆ ಇಟ್ಟಳು. ಬರೀ ತಲೆ ಬಗ್ಗಿಸುವುದಕ್ಕಾದರೆ ಎಡಗೈ ಒಂದೇ ಸಾಕಿತ್ತು.

ಬೆರಳುಗಳು ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ಒತ್ತು ಇರಲಿಲ್ಲ, ಭಾರ ಮಾತ್ರ ಇತ್ತು, ಸ್ವಲ್ಪ ತಣ್ಣಗೆ. ಆ ಭಾರದ ಕೆಳಗೆ ನಾನೇ ನಿಧಾನವಾಗಿ ತಲೆ ಬಗ್ಗಿಸಿದೆ. ಕನ್ನಡಿ ಮರೆಯಾಯಿತು. ನನ್ನ ಎರಡೂ ಕೈ ಬಟ್ಟೆಯ ಕೆಳಗೆ, ಮಡಿಲಲ್ಲಿ ಇದ್ದವು. ಹೆಗಲು ಇಳಿಯಿತು.

ಎಷ್ಟು ತೆಗೆಯಲಿ ಎಂದು ಗುಂಗುರಿ ಕೇಳಿದಳು.

"ತಡಿಯೇ," ಎಂದಳು ಅಕ್ಕ. "ನಾನಿನ್ನೂ ಸರಿಯಾಗಿ ಹಿಡಿದಿಲ್ಲ."